ಗಡಿ ಜಿಲ್ಲೆಯ ಮನೆಜಾಲ ಮತ್ತು ಅದರ ಕಾವಲು

ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರವು 1997ರಲ್ಲಿ ಸ್ವತಂತ್ರ ಜಿಲ್ಲೆಯಾದಾಗ, ಭಾರತದ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆಯತೊಡಗಿ ಎರಡು ವರ್ಷಗಳಷ್ಟೇ ಕಳೆದಿದ್ದವು. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಮಹಾನಗರಗಳಲ್ಲಿ ಆರಂಭಿಸಿದ ಆ ಸೇವೆ, ಮುಂದೆ ಸಣ್ಣ ಊರುಗಳನ್ನು ತಲುಪಿದ್ದು ದೂರವಾಣಿಯ ತಾಮ್ರದ ತಂತಿಯನ್ನು ನೆಚ್ಚಿಕೊಂಡು. ಆ ಡಯಲ್-ಅಪ್ ಕಾಲದಲ್ಲಿ ಗಣಕಯಂತ್ರಕ್ಕೆ ಪ್ರತಿ ಕರೆಗೂ ಹೊಸದೊಂದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿಗಳ ಸಾಲು, ದೊರೆಯುತ್ತಿತ್ತು; ಕರೆ ಮುಗಿದೊಡನೆ ಅದೇ ವಿಳಾಸ ಇನ್ನೊಬ್ಬರ ಪಾಲಾಗುತ್ತಿತ್ತು. ಸಂಪರ್ಕವೇ ಅಲ್ಪಕಾಲದ್ದಾದ್ದರಿಂದ ಅಪಾಯವೂ ಅಲ್ಪಕಾಲದ್ದಾಗಿತ್ತು.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ 'ಡೇಟಾ ಒನ್' ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ಎಡಿಎಸ್‌ಎಲ್ ಎಂಬ ಆ ತಂತ್ರದಲ್ಲಿ ಒಂದೇ ತಂತಿಯಲ್ಲಿ ಮಾತೂ ಮಾಹಿತಿಯೂ ಒಟ್ಟಿಗೆ ಹರಿಯಬಲ್ಲವು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರ ಹೋದಂತೆ ವೇಗ ಕುಗ್ಗುವುದರಿಂದ, ಊರೊಳಗಿನ ಮನೆಗೆ ದಕ್ಕುವಷ್ಟು ಸೇವೆ ಹೊಲದ ನಡುವಿನ ತೋಟದ ಮನೆಗೆ ದಕ್ಕುವಂತಿರಲಿಲ್ಲ. ಸಂಪರ್ಕ ಪಡೆದ ಮನೆಗಳಲ್ಲಿ ಮಾತ್ರ ಮೋಡೆಮ್ ಹಗಲಿರುಳು ಜಾಲಕ್ಕೆ ತೆರೆದುಕೊಂಡಿತು. ಕಾವಲಿನ ಪ್ರಶ್ನೆ ಹುಟ್ಟಿದ್ದೂ ಅಲ್ಲಿಯೇ.

ಆ ಪ್ರಶ್ನೆಗೆ ಹೊರಜಗತ್ತು ಅಷ್ಟರಲ್ಲಿ ಕೆಲವು ಉತ್ತರಗಳನ್ನು ಕಂಡುಕೊಂಡಿತ್ತು. 1988ರ ನವೆಂಬರಿನಲ್ಲಿ ಮಾರಿಸ್ ಎಂಬ ಹುಳುತಂತ್ರಾಂಶವು ಅಮೆರಿಕದ ವಿಶ್ವವಿದ್ಯಾಲಯಗಳ ಗಣಕಯಂತ್ರಗಳಿಗೆ ಹರಡಿದ ಬಳಿಕ ಫೈರ್‌ವಾಲ್‌ನ ಕಲ್ಪನೆ ಬೇಗ ಬೆಳೆಯಿತು. ಗುಂಡ್ಲುಪೇಟೆಯಿಂದ ವಯನಾಡಿಗೆ ಹೊರಟ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ, ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಏನು ಹೊತ್ತಿದೆ ಎಂದು ವಿಚಾರಿಸಿ ಬಿಡುವಂತೆ, ಫೈರ್‌ವಾಲ್ ಪ್ರತಿ ಮಾಹಿತಿ ತುಣುಕಿನ ಮೂಲವನ್ನೂ ಗುರಿಯನ್ನೂ ಪೋರ್ಟ್ ಸಂಖ್ಯೆಯನ್ನೂ ನಿಯಮದೊಡನೆ ತಾಳೆ ನೋಡುತ್ತದೆ. ಪೋರ್ಟ್ ಎಂದರೆ ಒಂದೇ ಯಂತ್ರದೊಳಗಿನ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ. 65,535ರವರೆಗೆ ಹೋಗುವ ಈ ಸಂಖ್ಯೆಗಳಲ್ಲಿ ಯಾವುವು ಹೊರಗಿನ ಕರೆಗೆ ಓಗೊಡುತ್ತವೆ ಎಂಬುದನ್ನು ಹೊರಗಿನಿಂದಲೇ ತಟ್ಟಿ ನೋಡುವುದು ಪೋರ್ಟ್ ತಪಾಸಣೆ. 1997ರಲ್ಲಿ ಬಂದ ಎನ್‌ಮ್ಯಾಪ್ ಎಂಬ ತಂತ್ರಾಂಶವು ಈ ತಪಾಸಣೆಯನ್ನು ಆಸಕ್ತಿಯುಳ್ಳ ಎಲ್ಲರ ಕೈಗೂ ಕೊಟ್ಟಿತು, ದಾಳಿಕೋರರ ಕೈಗೂ.

ಮನೆಯ ಮಟ್ಟಿಗೆ ಹೆಚ್ಚು ನೆರವಾದದ್ದು ಭದ್ರತೆಗಾಗಿ ಹುಟ್ಟದ ತಂತ್ರವೊಂದು. ಸುಮಾರು 429 ಕೋಟಿ ವಿಳಾಸಗಳ ಹಳೆಯ ಐಪಿ ವ್ಯವಸ್ಥೆ ಜಗತ್ತಿಗೆ ಸಾಲದೆಂದು ಅರಿತ ತಜ್ಞರು 1994ರಲ್ಲಿ ವಿವರಿಸಿದ 'ನ್ಯಾಟ್' ವಿಧಾನದಲ್ಲಿ, ಮನೆಯ ಯಂತ್ರಗಳೆಲ್ಲ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುತ್ತವೆ. ಒಳಗಿನವರು ಕೇಳದೆ ಹೊರಗಿನಿಂದ ಬಂದ ಮಾಹಿತಿಯನ್ನು ಯಾವ ಯಂತ್ರಕ್ಕೆ ತಲುಪಿಸಬೇಕೆಂದು ತಿಳಿಯದ ರೂಟರ್ ಅದನ್ನು ಕೈಬಿಡುತ್ತದೆ. ಅಂಗಡಿಯ, ತೋಟದ ಸಿಸಿಟಿವಿಯನ್ನು ದೂರದಿಂದ ನೋಡುವ ಬಯಕೆ ಬೆಳೆದಾಗ ಇದೇ ಅಡ್ಡಿಯಾಯಿತು. ರೂಟರಿನಲ್ಲಿ ಒಂದು ಪೋರ್ಟ್ ತೆರೆದಿಟ್ಟು, ಬದಲಾಗುತ್ತಲೇ ಇರುವ ವಿಳಾಸವನ್ನು ಸ್ಥಿರವಾದ ಹೆಸರೊಂದಕ್ಕೆ ಕ್ಷಣಕ್ಷಣಕ್ಕೆ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಸೇವೆಯನ್ನು ಬಳಸುವುದು ಪರಿಹಾರವಾಗಿ ಬಂತು. ಆದರೆ ಒಡೆಯನಿಗೆ ಸುಲಭವಾಗಿ ಸಿಗುವ ಕ್ಯಾಮೆರಾ ಅಪರಿಚಿತನಿಗೂ ಅಷ್ಟೇ ಸುಲಭವಾಗಿ ಸಿಕ್ಕಿತು; 2016ರ ಮಿರಾಯ್ ದಾಳಿಯು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಬದಲಿಸದ ಇಂಥ ಕ್ಯಾಮೆರಾಗಳನ್ನೂ ರೆಕಾರ್ಡರ್‌ಗಳನ್ನೂ ಲಕ್ಷಗಟ್ಟಲೆ ವಶಪಡಿಸಿಕೊಂಡಿತು.

ಈ ಅಪಾಯ ಕನ್ನಡನಾಡಿನ ಮನೆಬಾಗಿಲಿಗೆ ಬಂದದ್ದು 2017ರ ಜುಲೈ ಕೊನೆಯ ವಾರದಲ್ಲಿ. ಚಾಮರಾಜನಗರ ಜಿಲ್ಲೆಯೂ ಒಳಪಡುವ ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದಲ್ಲಿ, 'ಅಡ್ಮಿನ್' ಎಂಬ ಮೂಲ ಪಾಸ್‌ವರ್ಡ್ ಉಳಿಸಿಕೊಂಡಿದ್ದ ಮೋಡೆಮ್‌ಗಳು ಒಂದರ ಹಿಂದೊಂದು ಸಂಪರ್ಕ ಕಳೆದುಕೊಂಡವು. ಬಾಧಿತ ಮೋಡೆಮ್‌ಗಳು ಸುಮಾರು 2,000 ಎಂದು ಸಂಸ್ಥೆ ಹೇಳಿದರೆ, 60,000 ಎಂಬ ಲೆಕ್ಕವೂ ವರದಿಯಾಯಿತು. ಯಂತ್ರಗಳನ್ನು ಕದಿಯುವ ಬದಲು ಕೆಡಿಸಿಯೇ ಬಿಡುವ ಬ್ರಿಕರ್‌ಬಾಟ್ ಎಂಬ ತಂತ್ರಾಂಶದ ಕರ್ತೃ ಇದರ ಹೊಣೆ ಹೊತ್ತುಕೊಂಡ. ಸೇವಾದಾರರು ಮೋಡೆಮನ್ನು ದೂರದಿಂದ ನಿರ್ವಹಿಸಲು ಬಳಸುವ 7547ನೇ ಪೋರ್ಟ್ ಹೊರಜಗತ್ತಿಗೂ ತೆರೆದಿದ್ದುದು ದಾಳಿಯ ದಾರಿಯೆಂದು ಗುರುತಿಸಲಾಯಿತು. ಗ್ರಾಹಕರು ಪಾಸ್‌ವರ್ಡ್ ಬದಲಿಸಬೇಕೆಂಬ ಸೂಚನೆ ಹೊರಟಿತು. ಆ ಸೂಚನೆ ಅಗತ್ಯವೇ ಆಗಿತ್ತಾದರೂ, ಮೋಡೆಮಿಗೊಂದು ಒಳಪುಟವಿದೆಯೆಂಬುದನ್ನೇ ಯಾರೂ ಹೇಳಿಕೊಡದ ಗೃಹಸ್ಥರ ಮೇಲೆ ಇಡೀ ಹೊಣೆ ಹೊರಿಸುವುದು ನ್ಯಾಯವಲ್ಲ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕೀಲಿ ಕೊಟ್ಟು ಮಾರುವ ಪದ್ಧತಿಯೇ ಮೊದಲ ದೋಷ. ಕ್ಯಾಲಿಫೋರ್ನಿಯಾ 2020ರಿಂದಲೂ ಬ್ರಿಟನ್ 2024ರಿಂದಲೂ ಕಾನೂನಿನ ಮೂಲಕ ಆ ಪದ್ಧತಿಯನ್ನು ತಡೆದಿವೆ.

ತಾಮ್ರದ ಜಾಗಕ್ಕೆ ಫೈಬರ್ ಬರುತ್ತಿರುವ ಈ ದಿನಗಳಲ್ಲಿ ಸಮಸ್ಯೆಯ ರೂಪ ಮತ್ತೆ ಬದಲಾಗಿದೆ. ಹಲವು ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಹಳೆಯ ವಿಳಾಸ ವ್ಯವಸ್ಥೆಯಲ್ಲಿ ಡೈನಾಮಿಕ್ ಡಿಎನ್‌ಎಸ್ ಹೆಸರು ಮನೆಯವರೆಗೆ ತಲುಪುವುದೇ ಇಲ್ಲ. ಅದೇ ತಂತಿಯಲ್ಲಿ ಬರುವ ಹೊಸ ಐಪಿವಿ6 ವ್ಯವಸ್ಥೆಯಾದರೋ ಫೋನು, ಟಿವಿ, ಕ್ಯಾಮೆರಾಗಳಿಗೆಲ್ಲ ಪ್ರತ್ಯೇಕ ಸಾರ್ವಜನಿಕ ವಿಳಾಸ ಕೊಡುತ್ತದೆ. ಅಲ್ಲಿ ನ್ಯಾಟ್‌ನ ಮರೆ ಇಲ್ಲದ ಕಾರಣ, ಒಳಬರುವ ಕರೆಗಳನ್ನು ತಡೆಯುವ ಕೆಲಸವೆಲ್ಲ ರೂಟರಿನ ಮತ್ತು ಆಯಾ ಯಂತ್ರದ ಫೈರ್‌ವಾಲ್ ಮೇಲೆಯೇ ಬೀಳುತ್ತದೆ, ಮತ್ತು ಹಳೆಯ ವಿಳಾಸಕ್ಕಷ್ಟೇ ನಡೆಸಿದ ಪೋರ್ಟ್ ತಪಾಸಣೆ ಮನೆಯ ನಿಜಸ್ಥಿತಿಯನ್ನು ಅರ್ಧ ಮಾತ್ರ ತೋರಿಸುತ್ತದೆ.