ಆಹಾರ ವಿಜ್ಞಾನದಲ್ಲಿ ಆನರ್ಸ್ ಸಂಶೋಧನಾ ಯೋಜನೆ: ದಿಂಡಿಗಲ್, ತೇನಿ ಜಿಲ್ಲೆಗಳ ನಿದರ್ಶನ

ನಾಲ್ಕು ವರ್ಷಗಳ ಆನರ್ಸ್ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಯು ತಾನೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಪ್ರಯೋಗದ ಮೂಲಕ ಉತ್ತರ ಹುಡುಕಿ, ಅದನ್ನು ಪ್ರಬಂಧವಾಗಿ ಬರೆದು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವ ಕೆಲಸಕ್ಕೆ ಸಂಶೋಧನಾ ಯೋಜನೆ ಎನ್ನುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹಿಂಜರಿಯುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಭಯದಿಂದ, ಅಂಕಗಳಿದ್ದರೂ ಸಂಶೋಧನೆಯನ್ನು ಬಿಟ್ಟು ಬರಿಯ ಪಾಠಪತ್ರಿಕೆಗಳನ್ನು ಆರಿಸಿಕೊಳ್ಳುವವರುಂಟು. ಆಹಾರ ವಿಜ್ಞಾನದ ಮಟ್ಟಿಗಾದರೂ ಈ ಹಿಂಜರಿಕೆಗೆ ಆಧಾರ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ವಿವರಿಸಿದ್ದೇವೆ.

ನಿದರ್ಶನಕ್ಕೆ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳನ್ನು ಆರಿಸಿಕೊಂಡಿದ್ದೇವೆ. ಕಂಬಂ ಕಣಿವೆಯ ಒಕ್ಕಲಿಗ ಮನೆಗಳಲ್ಲಿ ಕನ್ನಡ ಇಂದಿಗೂ ಆಡುಮಾತು. ಶಾಲೆಯ ಭಾಷೆ ಮಾತ್ರ ತಮಿಳು. ತಾಳವಾಡಿ, ಹೊಸೂರು, ಕಾಸರಗೋಡಿನ ಮಕ್ಕಳಿಗಿರುವ ಕನ್ನಡ ಶಾಲೆಯ ಅನುಕೂಲ ಅಲ್ಲಿಲ್ಲ. ಆದರೆ ಆಹಾರದ ಸಂಶೋಧನೆಗೆ ಬೇಕಾದ ಸಾಮಗ್ರಿ ಅಷ್ಟು ಹತ್ತಿರದಲ್ಲಿ ದೊರೆಯುವ ಸ್ಥಳಗಳು ವಿರಳ. ಕಣಿವೆಯಲ್ಲಿ ವರ್ಷವಿಡೀ ಕೊಯ್ಲಾಗುವ ಪನ್ನೀರ್ ದ್ರಾಕ್ಷಿ, ಬೋಡಿನಾಯಕನೂರಿನ ಹರಾಜಿಗೆ ಬರುವ ಏಲಕ್ಕಿ, ಕೊಡೈಕೆನಾಲ್ ಬೆಟ್ಟದ ಬೆಳ್ಳುಳ್ಳಿ, ವಿರೂಪಾಕ್ಷಿ ಬೆಟ್ಟದ ಬಾಳೆ, ಆ ಬಾಳೆಯಿಂದ ಆಗುವ ಪಳನಿಯ ಪಂಚಾಮೃತ. ಪಂಚಾಮೃತಕ್ಕೆ 2019ರಲ್ಲಿಯೂ ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿಯೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಗಾಂಧಿಗ್ರಾಮದಲ್ಲಿ 1956ರಲ್ಲಿ ಆರಂಭವಾಗಿ 1976ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾದ ಗ್ರಾಮೀಣ ಸಂಸ್ಥೆ, ಪೆರಿಯಕುಳಂನ ತೋಟಗಾರಿಕಾ ಕಾಲೇಜು, ನೆರೆಯ ಮಧುರೈಯ ಸಮುದಾಯ ವಿಜ್ಞಾನ ಕಾಲೇಜು ಇವೆಲ್ಲವೂ ಹತ್ತಿರದಲ್ಲಿವೆ. ಕೊನೆಯ ಎರಡು ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದವು.

ಮೊದಲು ನಿಯಮದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಥವಾ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ‘ಸಂಶೋಧನೆಯೊಂದಿಗೆ ಆನರ್ಸ್’ ಆರಿಸಿಕೊಳ್ಳಬಹುದು. ಇದರಲ್ಲಿ ಯೋಜನೆಗೆ 12 ಕ್ರೆಡಿಟ್. ಎಲ್ಲ ವಿಶ್ವವಿದ್ಯಾಲಯಗಳೂ ಈ ನಾಲ್ಕನೆಯ ವರ್ಷವನ್ನು ನಡೆಸುತ್ತಿಲ್ಲ. ಕರ್ನಾಟಕ ಸರ್ಕಾರವೇ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಕೃಷಿ ವಿಶ್ವವಿದ್ಯಾಲಯಗಳ ಆನರ್ಸ್ ಪದವಿಯ ಮಾತು ಬೇರೆ. ಅದು ಮೊದಲಿನಿಂದಲೂ ನಾಲ್ಕು ವರ್ಷದ್ದು, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಪಠ್ಯಕ್ರಮದಂತೆ ನಡೆಯುವಂಥದ್ದು. ಕೊನೆಯ ವರ್ಷದ ಯೋಜನೆಯ ಸ್ವರೂಪವೂ ಅಲ್ಲಿ ಭಿನ್ನ. ಆದುದರಿಂದ ಪ್ರವೇಶದ ಸಮಯದಲ್ಲಿಯೇ ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಪ್ರಶ್ನೆಯ ಆಯ್ಕೆ. ‘ದ್ರಾಕ್ಷಿಯ ಆರೋಗ್ಯಗುಣಗಳು’ ಎಂಬುದು ಭಾಷಣದ ವಿಷಯ, ಸಂಶೋಧನೆಯ ಪ್ರಶ್ನೆಯಲ್ಲ. ರಸ ತೆಗೆದ ಬಳಿಕ ಉಳಿಯುವ ಪನ್ನೀರ್ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜವನ್ನು ಒಣಗಿಸಿ ಪುಡಿಮಾಡಿ, ಬಿಸ್ಕತ್ತಿನ ಹಿಟ್ಟಿನಲ್ಲಿ ಎಷ್ಟು ಪಾಲಿನವರೆಗೆ ಬೆರೆಸಿದರೆ ತಿನ್ನುವವರು ಒಪ್ಪುತ್ತಾರೆ ಎಂಬುದು ಪ್ರಶ್ನೆ. ಇದಕ್ಕೆ ಅಳತೆಯ ಉತ್ತರವುಂಟು; ಒಂದು ಸೆಮಿಸ್ಟರಿನಲ್ಲಿ ಮುಗಿಯುವುದೂ ಸಾಧ್ಯ.

ಕೆಲಸದ ಕ್ರಮ ಹೀಗೆ. ಪುಡಿಯಿಲ್ಲದ ಬಿಸ್ಕತ್ತು ಒಂದು, ಹಿಟ್ಟಿನ ಶೇ. 5, 10, 15 ಪಾಲಿಗೆ ಬದಲಾಗಿ ಪುಡಿ ಬೆರೆಸಿದವು ಮೂರು. ಹಿಟ್ಟು, ಸಕ್ಕರೆ, ಒಲೆಯ ಉಷ್ಣ, ಬೇಯುವ ಹೊತ್ತು ಎಲ್ಲವೂ ನಾಲ್ಕರಲ್ಲಿಯೂ ಒಂದೇ ಆಗಿರಬೇಕು. ಬಳಿಕ ಪ್ರತಿಯೊಂದರ ತೇವಾಂಶವನ್ನು 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಬೂದಿಯ ಅಂಶವನ್ನು 550 ಡಿಗ್ರಿಯ ಕುಲುಮೆಯಲ್ಲಿ ಸುಟ್ಟು ಅಳೆಯುತ್ತಾರೆ. ಪ್ರೋಟೀನಿಗೆ ಕೆಲ್ಡಾಲ್ ವಿಧಾನ, ದ್ರಾಕ್ಷಿಯ ಫೀನಾಲ್ ಸಂಯುಕ್ತಗಳಿಗೆ ಫೋಲಿನ್ ವಿಧಾನ. ಯಾವ ಅಳತೆಯನ್ನೂ ಒಮ್ಮೆ ಮಾಡಿ ನಂಬುವಂತಿಲ್ಲ. ಕನಿಷ್ಠ ಮೂರು ಸಲ ಮಾಡಿ ಸರಾಸರಿಯೊಡನೆ ವ್ಯತ್ಯಾಸವನ್ನೂ ಬರೆಯಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ದ್ರಾಕ್ಷಿಗೆ ಸಿಂಪಡಿಸಿದ ಔಷಧಿಯ ಶೇಷ ಉಳಿದಿದ್ದರೆ ಅದು ಮುಖ್ಯವಾಗಿ ಸಿಪ್ಪೆಯಲ್ಲಿರುತ್ತದೆ. ಸಿಪ್ಪೆಯನ್ನು ಒಣಗಿಸಿದಾಗ ನೀರು ಹೋಗಿ ಶೇಷದ ಸಾಂದ್ರತೆ ಹೆಚ್ಚಬಹುದು. ಶೇಷದ ಪರೀಕ್ಷೆಯಾಗದ ಪುಡಿಯನ್ನು ಜನರಿಗೆ ತಿನ್ನಲು ಕೊಡುವುದು ತಪ್ಪು. ಈ ಪರೀಕ್ಷೆಗೆ ಹಣ ತಗಲುತ್ತದೆ; ಅದನ್ನು ಯಾರು ಭರಿಸುತ್ತಾರೆಂದು ಮಾರ್ಗದರ್ಶಕರೊಡನೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ರುಚಿ ನೋಡುವವರಿಂದ ಲಿಖಿತ ಒಪ್ಪಿಗೆ, ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇವೂ ಮುಂಚಿತವಾಗಿಯೇ ಆಗಬೇಕಾದ ಕೆಲಸಗಳು.

ರುಚಿಪರೀಕ್ಷೆಯ ವಿಷಯಕ್ಕೆ ಬಂದಾಗ ನಾವು ಆರಂಭದಲ್ಲಿ ಹೇಳಿದ ಕಾರಣ ಸ್ಪಷ್ಟವಾಗುತ್ತದೆ. ಪರೀಕ್ಷೆಯಲ್ಲಿ ಎರಡು ಬಗೆ. ಮೊದಲನೆಯದು ಇಷ್ಟಾನಿಷ್ಟದ್ದು: ತರಬೇತಿಯಿಲ್ಲದ ಅನೇಕರಿಗೆ ಮೂರಂಕಿಯ ಗುರುತುಸಂಖ್ಯೆ ಹಚ್ಚಿದ ಮಾದರಿಗಳನ್ನು ಬೇರೆಬೇರೆ ಕ್ರಮದಲ್ಲಿ ಕೊಟ್ಟು, ನಡುವೆ ನೀರು ಕುಡಿಸಿ, ‘ಅತ್ಯಂತ ಅನಿಷ್ಟ’ದಿಂದ ‘ಅತ್ಯಂತ ಇಷ್ಟ’ದವರೆಗೆ ಒಂಬತ್ತು ಮೆಟ್ಟಿಲುಗಳಲ್ಲಿ ಗುರುತಿಸಲು ಹೇಳುವುದು. ಎರಡನೆಯದು ವರ್ಣನೆಯದು: ತರಬೇತಿ ಪಡೆದ ಹತ್ತು ಹನ್ನೆರಡು ಮಂದಿ ರುಚಿ, ವಾಸನೆ, ಕಚ್ಚಿದಾಗಿನ ಅನುಭವ ಪ್ರತಿಯೊಂದಕ್ಕೂ ಒಂದು ಪದವನ್ನು ಒಪ್ಪಿಕೊಂಡು ಅದರ ತೀವ್ರತೆಯನ್ನು ಅಳೆಯುವುದು. ಈ ಪದಕೋಶವನ್ನು ಕಟ್ಟುವುದೇ ವರ್ಣನಾತ್ಮಕ ಪರೀಕ್ಷೆಯ ಮೊದಲ ಹೆಜ್ಜೆ. ಪದಗಳ ದಾರಿದ್ರ್ಯವಿದ್ದವನಿಗೆ ಇಲ್ಲಿ ಯಂತ್ರವೂ ಸಹಾಯ ಮಾಡಲಾರದು.

ನಮ್ಮ ಅಡುಗೆಮನೆಯ ಮಾತನ್ನು ಗಮನಿಸಿರಿ. ಎಣ್ಣೆ, ತುಪ್ಪ ಕೆಟ್ಟರೆ ಕಮಟು. ತೇವ ತಗುಲಿದ ಧಾನ್ಯಕ್ಕೆ ಮುಗ್ಗಲು. ಅನ್ನ ಹಳಸುತ್ತದೆ, ಪಲ್ಯ ಸೀಯುತ್ತದೆ, ಒಗ್ಗರಣೆಯ ಮೆಣಸಿನಕಾಯಿಗೆ ಘಾಟು. ತುಪ್ಪ ಮರಳುಮರಳಾಗಿರಬೇಕು, ಪಾಕ ಜಿಗುಟಾಗಬಾರದು. ಎಳೆಯ ಬಾಳೆಕಾಯಿ ಒಗರು, ಹಾಗಲಕಾಯಿ ಕಹಿ. ಇವೆರಡನ್ನು ಅಜ್ಜಿ ಎಂದೂ ಬೆರೆಸಿ ಹೇಳುವುದಿಲ್ಲ. ಆದರೆ ಇಂಗ್ಲಿಷ್ ಅಂಕಪಟ್ಟಿಯನ್ನು ಕೈಗೆ ಕೊಟ್ಟಾಗ ಅನೇಕರು ಒಗರನ್ನು ಕಹಿಯ ಕಲಮಿನಲ್ಲಿ ಗುರುತಿಸಿಬಿಡುತ್ತಾರೆ. ದ್ರಾಕ್ಷಿಬೀಜದ ಪುಡಿಯ ವಿಷಯದಲ್ಲಿ ಈ ತಪ್ಪು ಇಡೀ ಫಲಿತಾಂಶವನ್ನೇ ಕೆಡಿಸಬಲ್ಲದು. ಬೀಜದ ಟ್ಯಾನಿನ್ನುಗಳು ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿಕೊಂಡು ಬಾಯಿಯ ಜಾರುತನವನ್ನು ಕಳೆಯುತ್ತವೆ; ಆಗ ನಾಲಿಗೆ ಒರಟಾದಂತೆ ತೋರುವುದೇ ಒಗರು. ಅದು ಸ್ಪರ್ಶಕ್ಕೆ ಹತ್ತಿರವಾದ ಅನುಭವ, ಕಹಿಯಂತೆ ರುಚಿಯಲ್ಲ. ತಮಿಳಿನಲ್ಲಿಯೂ ಇದಕ್ಕೆ ‘ತುವರ್ಪ್ಪು’ ಎಂಬ ಸ್ಪಷ್ಟ ಪದವಿದೆ. ಗಾಂಧಿಗ್ರಾಮದಲ್ಲಾಗಲಿ ಮಧುರೈಯಲ್ಲಾಗಲಿ ಪರೀಕ್ಷೆ ನಡೆಸುವ ಕನ್ನಡ ವಿದ್ಯಾರ್ಥಿಯು ಅಂಕಪಟ್ಟಿಯಲ್ಲಿ ಇಂಗ್ಲಿಷ್ ಪದದ ಪಕ್ಕದಲ್ಲಿ ತಮಿಳು ಪದವನ್ನು, ಕನ್ನಡ ಮನೆಗಳಲ್ಲಿ ಪರೀಕ್ಷಿಸುವುದಾದರೆ ಕನ್ನಡ ಪದವನ್ನು ಮುದ್ರಿಸಿಕೊಳ್ಳಲಿ. ಹಾಗೆ ಮಾಡಿದ ಕಾರಣವನ್ನು ಪ್ರಬಂಧದ ವಿಧಾನಭಾಗದಲ್ಲಿ ಬರೆಯಲಿ. ಎರಡು ಮೂರು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ಮಕ್ಕಳಿಗೆ ಇದು ಸಹಜವಾಗಿ ಬರುವ ಕೆಲಸ.

ಪಂಚಾಮೃತವೂ ಒಳ್ಳೆಯ ವಿಷಯವೇ. ಬಾಳೆ, ಬೆಲ್ಲ, ತುಪ್ಪ, ಜೇನು, ಏಲಕ್ಕಿಗಳ ಈ ಮಿಶ್ರಣಕ್ಕೆ ನೀರು ಸೇರಿಸುವುದಿಲ್ಲ. ಸಕ್ಕರೆಯ ಅಂಶವು ಇರುವ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೂಕ್ಷ್ಮಜೀವಿಗಳಿಗೆ ನೀರು ಸುಲಭವಾಗಿ ಒದಗದು. ವಿರೂಪಾಕ್ಷಿ ಬಾಳೆಯ ಬದಲು ಬೇರೆ ತಳಿ ಬಳಸಿದರೆ ಈ ಲೆಕ್ಕ ಎಷ್ಟು ಬದಲಾಗುತ್ತದೆ ಎಂದು ಅಳೆಯಬಹುದು. ಆದರೆ ಬಾಳಿಕೆಯ ಪರೀಕ್ಷೆಗೆ ತಿಂಗಳುಗಳು ಬೇಕು. ಆರು ತಿಂಗಳ ಬಾಳಿಕೆಯನ್ನು ಒಂದೇ ಸೆಮಿಸ್ಟರಿನಲ್ಲಿ ತೋರಿಸುವೆನೆಂದು ಬರೆದುಕೊಟ್ಟವರು ಸಂಕಟಕ್ಕೆ ಸಿಲುಕುತ್ತಾರೆ.

ಪ್ರಯೋಗದ ದಿನಚರಿ ಪುಸ್ತಕವನ್ನು ಅಂದಂದೇ ತುಂಬಬೇಕು. ಸಂಸ್ಥೆ ಒಪ್ಪಿದರೆ ಟಿಪ್ಪಣಿಗಳು ಕನ್ನಡದಲ್ಲಿಯೇ ಇರಲಿ. ಅಂಕಿಗಳು ಎಲ್ಲ ಭಾಷೆಯಲ್ಲಿಯೂ ಒಂದೇ. ಕೆಟ್ಟುಹೋದ ಪ್ರಯೋಗವನ್ನು ಹೊಡೆದುಹಾಕದೆ ದಿನಾಂಕದೊಡನೆ ಉಳಿಸಿಕೊಳ್ಳಬೇಕು. ಇಂಗ್ಲಿಷ್ ಬರವಣಿಗೆಯ ವಿಷಯದಲ್ಲಿ, ವಿಧಾನದ ಭಾಗವನ್ನು ಮೊದಲು ಬರೆಯುವುದು ಸುಲಭ, ಏಕೆಂದರೆ ಅದು ಮಾಡಿದ್ದನ್ನು ಮಾಡಿದ ಕ್ರಮದಲ್ಲಿ ಹೇಳುವುದಷ್ಟೇ. ಪೀಠಿಕೆಯನ್ನು ಕೊನೆಗೆ ಬರೆಯಬಹುದು.

ಮನೆಯ ಅಥವಾ ನೆರೆಯವರ ಪಾಕವಿಧಾನವನ್ನು ಬಳಸಿಕೊಂಡರೆ ಅವರ ಒಪ್ಪಿಗೆ ಪಡೆದು, ಅವರು ಬಯಸಿದಲ್ಲಿ ಕೃತಜ್ಞತೆಯ ಪುಟದಲ್ಲಿ ಹೆಸರಿಸಬೇಕು. ಮಾರ್ಗದರ್ಶಕರನ್ನು ಐದನೆಯ ಸೆಮಿಸ್ಟರಿನಲ್ಲಿಯೇ ಕಾಣುವುದು ಒಳಿತು. ಆರನೆಯದು ಮುಗಿಯುವ ಹೊತ್ತಿಗೆ ಪ್ರಶ್ನೆ, ಸಾಮಗ್ರಿಯ ಮೂಲ, ಪರೀಕ್ಷೆಗಳ ವೆಚ್ಚ ಈ ಮೂರನ್ನು ಒಂದು ಪುಟದಲ್ಲಿ ಬರೆದು ಅವರ ಕೈಗೆ ಕೊಟ್ಟಿರಬೇಕು.