ಬಿರುದಿನ ಸಾಲೂ ಭೂಮಿಯ ಅಳತೆಯೂ

ದೇಹಕ್ಕೆ ಪ್ರಾಣವು ಹೇಗೋ ಮಾತಿಗೆ ಅರ್ಥವು ಹಾಗೆ. ಪ್ರಾಣವು ಹೋದ ಮೇಲೂ ದೇಹವು ಕ್ಷಣಕಾಲ ಮೊದಲಿನಂತೆಯೇ ತೋರುವುದುಂಟು. ಅರ್ಥವು ಹೋದ ಮೇಲಂತೂ ಮಾತು ಬಹುಕಾಲ ಸಭೆಗಳಲ್ಲಿ ಮೆರೆಯುತ್ತಲೇ ಇರುವುದು. 'ಸರ್ವಾಂಗೀಣ ಅಭಿವೃದ್ಧಿ', 'ಸಮಗ್ರ ಪ್ರಗತಿ', 'ಹೊಸ ಶಕೆ', 'ಕಟ್ಟಕಡೆಯ ಮನುಷ್ಯನ ಉದ್ಧಾರ' ಮೊದಲಾದ ನುಡಿಗಳನ್ನು ಚುನಾವಣೆಯ ಕಾಲದಲ್ಲಿ ನಾವೆಲ್ಲರೂ ಕೇಳುತ್ತಿರುವೆವು. ಆಡಿದವರ ಹೆಸರನ್ನು ಮುಚ್ಚಿಟ್ಟು, ಇದು ಯಾವ ಪಕ್ಷದವರ ಭಾಷಣ, ಯಾವ ಊರಿನಲ್ಲಿ ಮಾಡಿದ್ದು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳರು. ಎಲ್ಲ ಊರುಗಳಿಗೂ ಒಪ್ಪುವ ಮಾತು ಕಡೆಗೆ ಯಾವ ಊರಿಗೂ ಉಪಯೋಗಕ್ಕೆ ಬಾರದು. ಆದರೆ ಈ ವ್ಯಾಧಿಯು ಪ್ರಜಾಪ್ರಭುತ್ವದೊಡನೆ ಹುಟ್ಟಿತೆಂದು ತಿಳಿಯಲಾಗದು. ಅದು ಬಹು ಹಳೆಯದು; ಅದನ್ನು ಪರೀಕ್ಷಿಸುವ ಕ್ರಮವೂ ಅಷ್ಟೇ ಹಳೆಯದು. ಎರಡಕ್ಕೂ ನಮ್ಮ ವಿಜಾಪುರ ಸೀಮೆಯ ಇತಿಹಾಸದಲ್ಲಿಯೇ ನಿದರ್ಶನಗಳು ದೊರೆಯುವವು.

ಕನ್ನಡ ನಾಡಿನ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳುಂಟು. ಮೊದಲನೆಯದು ಪ್ರಶಸ್ತಿ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ 'ಸಮಸ್ತಭುವನಾಶ್ರಯ', 'ಶ್ರೀಪೃಥ್ವೀವಲ್ಲಭ', 'ಮಹಾರಾಜಾಧಿರಾಜ', 'ಪರಮೇಶ್ವರ', 'ಪರಮಭಟ್ಟಾರಕ' ಎಂಬ ಬಿರುದುಗಳು ಸಾಲಾಗಿ ಬರುವವು. ಅರಸನು ಯಾವನೇ ಆಗಲಿ, ಸಾಲು ಮಾತ್ರ ಅದೇ. 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನು 'ತ್ರಿಭುವನಮಲ್ಲ'ನೆನಿಸಿದ್ದನು. ಆ ವಂಶದ ಕೊನೆಯ ಅರಸನಾದ ನಾಲ್ಕನೆಯ ಸೋಮೇಶ್ವರನೂ 'ತ್ರಿಭುವನಮಲ್ಲ'ನೇ. ಅವನ ಕಾಲದಲ್ಲಿ ಉತ್ತರದಿಂದ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ನುಗ್ಗಿ ನಾಡನ್ನು ಹಂಚಿಕೊಳ್ಳುತ್ತಿದ್ದರು. ರಾಜ್ಯವು ಕುಗ್ಗಿತು, ಬಿರುದು ಎಳ್ಳಷ್ಟೂ ಕುಗ್ಗಲಿಲ್ಲ.

ಪ್ರಶಸ್ತಿಯು ಮುಗಿದೊಡನೆ ಶಾಸನದ ಭಾಷೆಯೇ ಬದಲಾಗುವುದು. ಎರಡನೆಯ ಭಾಗದಲ್ಲಿ ದಾನವನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಅದರ ಎಲ್ಲೆ ಯಾವುದು, ತಿಥಿ ಯಾವುದು, ಕೆಡಿಸಿದವನಿಗೆ ಬರುವ ಪಾಪವೇನು ಎಂಬುದೆಲ್ಲ ಬಿಡಿಬಿಡಿಯಾಗಿ ಬರುವುದು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನವು ಇದಕ್ಕೆ ಉತ್ತಮ ನಿದರ್ಶನವು. ಆಗ ಆ ಊರಿಗೆ ಪಾವಿಟ್ಟಗೆಯೆಂದು ಹೆಸರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ಕ್ರಿ. ಶ. 945ರಲ್ಲಿ ದತ್ತಿಯು ಸಂದಿತು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ದೀಪದ ಎಣ್ಣೆಗೆ 12 ನಿವರ್ತನ ಭೂಮಿ. ಅದಲ್ಲದೆ ಊರಿನಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನವಾದರೆ ಅದರ ಅರ್ಧ. ಇಲ್ಲಿ 'ವಿದ್ಯಾಕ್ಷೇತ್ರದಲ್ಲಿ ಹೊಸ ಶಕೆ' ಎಂಬ ಘೋಷಣೆಯಿಲ್ಲ. ಇರುಳು ಓದುವ ಹುಡುಗನ ದೀಪಕ್ಕೆ ಎಣ್ಣೆಯು ಎಲ್ಲಿಂದ ಬರಬೇಕೆಂಬ ಏರ್ಪಾಡು ಇರುವುದು. ಪ್ರಶಸ್ತಿಯನ್ನು ಕೇಳಿ ಅಂದಿನ ಜನರು ತಲೆದೂಗಿರಬಹುದು. ಆದರೆ ಹೊಲದ ವ್ಯಾಜ್ಯವು ಬಂದಾಗ ಅವರು ತೋರಿಸಿದ್ದು ಎರಡನೆಯ ಭಾಗವನ್ನೇ ಆಗಿದ್ದಿರಬೇಕು. ಮಾತನ್ನು ಅಳೆಯುವ ಕೋಲು ಇದೇ.

ಪರರ ಆಳಿಕೆಯಲ್ಲಿಯೂ ಈ ಕೋಲು ಉಪಯೋಗಕ್ಕೆ ಬರುವುದು. 1877ನೆಯ ಇಸವಿಯ ಜನವರಿ 1ರಂದು ದಿಲ್ಲಿಯಲ್ಲಿ ಲಾರ್ಡ್ ಲಿಟ್ಟನ್ ಸಾಹೇಬರು ದರಬಾರನ್ನು ನಡೆಯಿಸಿ, ವಿಕ್ಟೋರಿಯಾ ರಾಣಿಗೆ 'ಕೈಸರ್-ಇ-ಹಿಂದ್' ಎಂಬ ಬಿರುದನ್ನು ಸಾರಿದರು. ಅದು ಧಾತು ಸಂವತ್ಸರ. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ನಮ್ಮ ಈ ಭಾಗವು ಬರದ ಬಾಯಿಗೆ ಬಿದ್ದಿದ್ದಿತು. ದರಬಾರಿನಲ್ಲಿ ಪ್ರಜೆಗಳ ಸುಖದ ಮಾತು ಮೊಳಗುತ್ತಿದ್ದ ಕಾಲದಲ್ಲಿಯೇ ಬರಗಾಲದ ಕಾಮಗಾರಿಯ ಕೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ ಎಂಬ ಮಟ್ಟಕ್ಕೆ ಇಳಿಸಲಾಯಿತು. ಬಿರುದಿಗೆ ಅಳತೆಯಿರಲಿಲ್ಲ, ಹಸಿದವನ ಕೂಲಿಗೆ ಮಾತ್ರ ಕಟ್ಟುನಿಟ್ಟಾದ ಅಳತೆಯಿದ್ದಿತು. ಅಳತೆ ಇದ್ದ ಮಾತ್ರಕ್ಕೆ ಧರ್ಮವಾಗದು. ಆದರೂ ಆಳುವವರ ನಿಜವಾದ ಮನಸ್ಸನ್ನು ತಿಳಿಯಬೇಕಾದರೆ ಅವರ ಅಂಕಿಗಳನ್ನೇ ನೋಡಬೇಕು.

ಇನ್ನು ಸ್ವರಾಜ್ಯದ ಕಾಲಕ್ಕೆ ಬರುವೆವು. ನಮ್ಮ ನಾಲತವಾಡವು ಆಲಮಟ್ಟಿ, ನಾರಾಯಣಪುರಗಳೆಂಬ ಎರಡು ಅಣೆಕಟ್ಟುಗಳ ನಡುವಣ ಸೀಮೆಯಲ್ಲಿದೆ. 1964ನೆಯ ಮೇ 22ರಂದು ಶ್ರೀ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಬಳಿಕ ಕೆಲವೇ ದಿನಗಳಲ್ಲಿ ಅವರು ಪ್ರಧಾನಿಗಳಾದರು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಹಸ್ತದಿಂದ ಆ ಜಲಾಶಯದ ಲೋಕಾರ್ಪಣೆಯಾದುದು 2006ರಲ್ಲಿ. ನಡುವಣ 42 ವರ್ಷಗಳಲ್ಲಿ ಈ ಯೋಜನೆಯನ್ನು 'ಉತ್ತರ ಕರ್ನಾಟಕದ ಜೀವನಾಡಿ' ಎಂದು ಕರೆಯದ ಭಾಷಣವೇ ಇಲ್ಲವೆನ್ನಬಹುದು. ಕೆಲಸವು ನಡೆಯಲಿಲ್ಲವೆಂದರೆ ಅಸತ್ಯವಾದೀತು. ಕಾಲುವೆಗಳು ಬಂದವು, ಒಣಬೇಸಾಯದ ಎಷ್ಟೋ ಹೊಲಗಳು ನೀರನ್ನು ಕಂಡವು. ಅನ್ಯಾಯವು ನಡೆದುದು ಬೇರೊಂದು ಶಬ್ದದ ವಿಷಯದಲ್ಲಿ.

ಮುಳುಗಡೆಯ ಗ್ರಾಮಗಳ ಜನರನ್ನು ಕುರಿತು ಪ್ರತಿಯೊಂದು ಸಭೆಯಲ್ಲಿಯೂ 'ನಿಮ್ಮ ತ್ಯಾಗವು ದೊಡ್ಡದು' ಎನ್ನುವ ರೂಢಿಯುಂಟು. ತ್ಯಾಗವೆಂದರೇನು? ಮೀಮಾಂಸಕರು ಅದರ ಲಕ್ಷಣವನ್ನು ಸ್ಪಷ್ಟಪಡಿಸಿರುವರು: ಒಡೆಯನಾದವನು ತನ್ನ ದ್ರವ್ಯದ ಮೇಲಣ ಸ್ವತ್ವವನ್ನು 'ಇದು ನನ್ನದಲ್ಲ' ಎಂದು ತಾನಾಗಿಯೇ ಬಿಡುವುದು ತ್ಯಾಗ. ಕಾಯಿದೆಯ ನೋಟೀಸು ಬಂದು, ಹೊಲ ಮನೆ ದೇವರಗುಡಿ ಹಿರಿಯರ ಸಮಾಧಿಗಳೆಲ್ಲವೂ ನೀರಿನ ಪಾಲಾಗುವುದು ತ್ಯಾಗವಾಗಲಾರದು, ಅದು ಭೂಸ್ವಾಧೀನ. ಶಬ್ದಗಳ ಈ ವ್ಯತ್ಯಾಸವು ಕೇವಲ ವೈಯಾಕರಣರ ಚರ್ಚೆಯಲ್ಲ. ಕಳೆದುಕೊಂಡವನಿಗೆ ಪರಿಹಾರವು ಸಲ್ಲತಕ್ಕದ್ದು. ತ್ಯಾಗಿಗೆ ಹೊಗಳಿಕೆಯೊಂದೇ ಸಾಕೆನಿಸುವುದು. ಹೀಗೆ ಒಂದು ಪವಿತ್ರ ಶಬ್ದದ ಮರೆಯಲ್ಲಿ ಸಾಲವು ದಾನವಾಗಿ ತೋರುವುದು. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶಕುಮಾರ ನ್ಯಾಯಾಧಿಕರಣವು ಒಪ್ಪಿದ್ದು 2010ರಲ್ಲಿ. ಇದರಿಂದ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯದ ಸಚಿವ ಸಂಪುಟವು ನಿಶ್ಚಯಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಆ ಮೊತ್ತವು ಸಾಲದೆನ್ನುವವರು ಇರಬಹುದು, ಹೆಚ್ಚೆನ್ನುವವರೂ ಇರಬಹುದು. ಆದರೆ ವಾದಿಸಲು ಆಸ್ಪದವಿರುವುದು ಅಂಕಿಯ ವಿಷಯದಲ್ಲಿ. 'ತ್ಯಾಗ'ದೊಡನೆ ಯಾರು ವಾದಿಸಬಲ್ಲರು?

ಘೋಷಣೆಯೆಂಬುದೆಲ್ಲವೂ ಪೊಳ್ಳೆಂದು ನಮ್ಮ ಅಭಿಪ್ರಾಯವಲ್ಲ. ಎರಡು ಘೋಷಣೆಗಳನ್ನು ಹೋಲಿಸಿ ನೋಡಿರಿ. 1971ರ ಚುನಾವಣೆಯಲ್ಲಿ 'ಗರೀಬಿ ಹಟಾವೋ' ಎಂಬ ಕೂಗು ದೇಶವನ್ನೆಲ್ಲ ತುಂಬಿತು. ಬಡತನವನ್ನು ಯಾವ ವರ್ಷದೊಳಗೆ, ಎಷ್ಟು ಮನೆಗಳಿಂದ, ಯಾವ ಅಧಿಕಾರಿಯು ಹೊರಗಟ್ಟಬೇಕೆಂಬುದು ಆ ಕೂಗಿನಲ್ಲಿ ಇರಲಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ 'ಉಳುವವನೇ ಹೊಲದೊಡೆಯ' ಎಂಬುದೂ ಘೋಷಣೆಯೇ. ಆದರೆ ಅದರ ಬೆನ್ನಿಗೆ 1974ನೆಯ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕಾಯಿದೆ ಇದ್ದಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳಿದ್ದವು. ಗೇಣಿದಾರನು ತುಂಬಬೇಕಾದ 7ನೆಯ ನಮೂನೆಯ ಅರ್ಜಿಯಿದ್ದಿತು. ಅರ್ಜಿಗೆ ಕಡೆಯ ದಿನವೂ ಇದ್ದಿತು. ಆ ಕಾರ್ಯದಲ್ಲಿಯೂ ಲೋಪಗಳಾದವು. ಅರ್ಜಿ ತುಂಬಲು ಅಂಜಿದ ಗೇಣಿದಾರರೂ ಇದ್ದರು. ಹಾಗಿದ್ದರೂ ಅಕ್ಷರ ಬಾರದ ಒಕ್ಕಲಿಗನು ಕೈಯಲ್ಲಿ ಹಿಡಿದು ಕಚೇರಿಗೆ ಒಯ್ಯಬಹುದಾದ ಒಂದು ಕಾಗದವು ಆ ಘೋಷಣೆಯಿಂದ ಹುಟ್ಟಿತು. ಕೂಗು ಕಾಗದವಾದಾಗ ಮಾತಿಗೆ ಪ್ರಾಣವು ಬಂದಂತೆ.

ಇದಕ್ಕೆ ವಿಪರೀತವಾಗಿ, ಅಂಕಿಯೇ ಕೂಗಾಗಿ ಹೋಗುವುದೂ ಉಂಟು. 'ಹಿಂದುಳಿದ ಪ್ರದೇಶ' ಎಂಬುದು ಬಹುಕಾಲ ಬರಿಯ ದೂರಿನ ಮಾತಾಗಿದ್ದಿತು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 35 ಸೂಚಕಗಳಿಂದ ಪ್ರತಿ ತಾಲ್ಲೂಕನ್ನೂ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ 2002ರಲ್ಲಿ ವರದಿಯನ್ನೊಪ್ಪಿಸಿತು. ಮೋಡದಂತಿದ್ದ ಮಾತನ್ನು ಅವರು ಹೊಲದಂತೆ ಅಳೆದು ಕೊಟ್ಟರು. ಆಮೇಲೆ ಆದುದೇನು? 'ನಂಜುಂಡಪ್ಪ ವರದಿಯ ಅನುಷ್ಠಾನ' ಎಂಬುದೇ ವೇದಿಕೆಗಳ ಹೊಸ ಬಿರುದಾಯಿತು. ವರದಿಯ ಹೆಸರೆತ್ತುವವರು ಹೆಚ್ಚಿದರು. ಅದರಲ್ಲಿ ತಮ್ಮ ತಾಲ್ಲೂಕಿನ ಪುಟವನ್ನು ತೆರೆದು ನೋಡುವವರು ಹೆಚ್ಚಲಿಲ್ಲ.

ಸಭೆಯಲ್ಲಿ ಆಡುವ ಮಾತಿನ ದೋಷಗಳನ್ನು ನಮ್ಮ ಹಿರಿಯರು ಅರಿಯದವರಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ವಾದಿಯು ಸೋತನೆಂದು ನಿರ್ಣಯಿಸುವ 22 ನಿಗ್ರಹಸ್ಥಾನಗಳು ಹೇಳಲ್ಪಟ್ಟಿವೆ. ಪ್ರಸ್ತುತವನ್ನು ಬಿಟ್ಟು ಬೇರೊಂದನ್ನು ಹೇಳುವುದು 'ಅರ್ಥಾಂತರ'. ಅರ್ಥವಿಲ್ಲದ ಅಕ್ಷರಗಳ ಸಪ್ಪಳವು 'ನಿರರ್ಥಕ'. ಆಡಿದ್ದನ್ನೇ ಆಡುವುದು 'ಪುನರುಕ್ತ'. ಮೊದಲು ಸಾರಿದ ಪ್ರತಿಜ್ಞೆಯನ್ನು ಆಮೇಲೆ ತಾನು ಸಾರಲೇ ಇಲ್ಲವೆಂಬುದು 'ಪ್ರತಿಜ್ಞಾಸಂನ್ಯಾಸ'. ಇವುಗಳಲ್ಲಿ ಯಾವುದೊಂದು ಕಂಡರೂ ವಾದಿಯು ಸೋತಂತೆ. ಆದರೆ ಅಂದಿನ ವಿದ್ವತ್ಸಭೆಯಲ್ಲಿ ದೋಷವನ್ನು ಎತ್ತಿ ತೋರಿಸಲು ಪ್ರತಿವಾದಿಯೂ ಮಧ್ಯಸ್ಥರೂ ಇರುತ್ತಿದ್ದರು. ಇಂದಿನ ಸಭೆಯಲ್ಲಿ ಆ ಇಬ್ಬರ ಸ್ಥಾನವೂ ಕೇಳುವ ಜನಕ್ಕೇ ಸೇರಿದುದು. ನಾವು ಚಪ್ಪಾಳೆಯನ್ನು ತಟ್ಟಿ ಎದ್ದು ಬಂದರೆ, ಮಧ್ಯಸ್ಥನಿಲ್ಲದ ವಾದದಲ್ಲಿ ನಿರರ್ಥಕವೇ ಗೆಲ್ಲುವುದು.

ಪೊಳ್ಳುಮಾತಿನ ಹಾನಿಯು ಕೇಳುವವನ ಹೊತ್ತು ಹಾಳಾಗುವುದರಲ್ಲಿಯೇ ಮುಗಿಯುವುದಿಲ್ಲ. ತ್ಯಾಗ, ಸೇವೆ, ಸಮಾನತೆ, ಅಭಿವೃದ್ಧಿ ಇವೆಲ್ಲ ಒಳ್ಳೆಯ ಶಬ್ದಗಳು. ಸವೆದ ನಾಣ್ಯವನ್ನು ಅಂಗಡಿಯವನು ಹಿಂದಕ್ಕೆ ಕೊಡುವಂತೆ, ಸವೆದ ಶಬ್ದವನ್ನು ಜನರು ನಂಬದೆ ಹೋಗುವರು; ಆಮೇಲೆ ಪ್ರಾಮಾಣಿಕನಾದವನೊಬ್ಬನು ಅದೇ ಶಬ್ದವನ್ನು ಮನಃಪೂರ್ವಕವಾಗಿ ಆಡಿದರೂ ಕೇಳುವವರಿಲ್ಲ. ಆದುದರಿಂದ ಮುಂದಾಳುಗಳು ನಮ್ಮ ಊರುಗಳಿಗೆ ಬಂದಾಗ ಅವರ ಪ್ರಶಸ್ತಿಯನ್ನು ಸಾವಧಾನವಾಗಿ ಕೇಳೋಣ. ಅತಿಥಿಗಳಿಗೆ ಮರ್ಯಾದೆಯು ಸಲ್ಲಲಿ. ಅದು ಮುಗಿದ ಮೇಲೆ ಶಾಸನದ ಎರಡನೆಯ ಭಾಗವನ್ನು ವಿನಯದಿಂದ ಕೇಳೋಣ: ಯಾರಿಗೆ, ಎಷ್ಟು, ಎಲ್ಲಿಂದ, ಯಾವ ದಿನದೊಳಗೆ, ತಪ್ಪಿದರೆ ಹೊಣೆ ಯಾರದು? ಸಾವಿರ ವರ್ಷಗಳ ಹಿಂದೆ ಪಾವಿಟ್ಟಗೆಯ ಶಾಲೆಯ ದೀಪಕ್ಕೆ ಎಣ್ಣೆಯ ಲೆಕ್ಕವನ್ನು ಕಲ್ಲಿನ ಮೇಲೆ ಬರೆದಿಟ್ಟ ಸೀಮೆಯವರು ನಾವು. ಇಷ್ಟನ್ನು ಕೇಳುವ ಹಕ್ಕು ನಮಗುಂಟು.