ಡೀಸೆಲ್ ಎಂಬ ಮನುಷ್ಯ

ಪೆಟ್ರೋಲ್ ಬಂಕಿನ ಫಲಕದ ಮೇಲೆ ಅಕ್ಕಪಕ್ಕ ಕೂತಿರುವ ಎರಡು ಪದಗಳ ಜಾತಕ ಬೇರೆ ಬೇರೆ. ಪೆಟ್ರೋಲಿನ ಬೇರು ಬಂಡೆ ಮತ್ತು ಎಣ್ಣೆ ಎಂಬರ್ಥದ ಹಳೆಯ ಲ್ಯಾಟಿನ್ ಮಾತುಗಳಲ್ಲಿದೆ. ಡೀಸೆಲ್ ಒಬ್ಬ ಮನುಷ್ಯನ ಹೆಸರು. ಟ್ರ್ಯಾಕ್ಟರಿಗೆ, ಲಾರಿಗೆ, ಜಾತ್ರೆಯ ಜನರೇಟರಿಗೆ ಬೇಕಾದ ಈ ಪದ ನಮ್ಮ ನಾಲಿಗೆಯಲ್ಲಿ ಡೀಸಲ್ಲಾಗಿ, ಡೀಜಲ್ಲಾಗಿ, ‘ಡೀಸಲ್ಲಿಗೆ ದುಡ್ಡು ಕೊಡಿ’ ಎಂದು ವಿಭಕ್ತಿ ಹತ್ತಿಸಿಕೊಂಡು ಪೂರ್ತಿ ಕನ್ನಡದ್ದೇ ಆಗಿಬಿಟ್ಟಿದೆ. ಅದರೊಳಗಿದ್ದ ಮನುಷ್ಯನನ್ನು ಮಕ್ಕಳಿಗೆ ಪರಿಚಯಿಸಬೇಕೆಂಬುದು ನನ್ನ ಬಹುದಿನದ ಆಸೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಜರ್ಮನ್ ಕುಟುಂಬದಲ್ಲಿ. ಮ್ಯೂನಿಕ್‌ನಲ್ಲಿ ಓದುವಾಗ ಗುರು ಕಾರ್ಲ್ ಫಾನ್ ಲಿಂಡೆ ತರಗತಿಯಲ್ಲಿ ಒಂದು ಲೆಕ್ಕ ಹೇಳಿದರು: ಉಗಿಯಂತ್ರವು ಉರುವಲಿನ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನಷ್ಟೇ ಕೆಲಸಕ್ಕೆ ತರುತ್ತದೆ. ಉಳಿದದ್ದೆಲ್ಲ ದಂಡ. ಆ ಪೋಲು ವಿದ್ಯಾರ್ಥಿಯ ತಲೆಯಲ್ಲಿ ಕೊರೆಯತೊಡಗಿತು.

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯನ್ನು ಬೇಗ ಅದುಮಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಗುಟ್ಟೂ ಇದೇ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿಯನ್ನು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲು ಜಾಗಕ್ಕೆ ಇರುಕಿದಾಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಗಳಿಗೆಗೆ ಸರಿಯಾಗಿ ನಾಜಲ್ಲಿನಿಂದ ಎಣ್ಣೆ ಸಣ್ಣ ಹನಿಗಳಾಗಿ ಚಿಮ್ಮಿ, ತಾನೇ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಪೆಟ್ರೋಲ್ ಗಾಡಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಲ್ಲಿ ಬೇಡ. ಹಳೆಯ ಲಾರಿಗಳ ಟಕಟಕ ಸದ್ದು ಈ ದಿಢೀರ್ ಉರಿಯಿಂದ ಬರುವಂಥದ್ದು.

ಕಾಗದದ ಮೇಲೆ ಸಲೀಸು. 1893ರಲ್ಲಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಯಂತ್ರ ಹೊತ್ತಿಕೊಂಡಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. ನಾಲ್ಕು ವರ್ಷ ಪಟ್ಟುಬಿಡದೆ ದುಡಿದ ಮೇಲೆ, 1897ರ ಪರೀಕ್ಷೆಯಲ್ಲಿ ನೂರಕ್ಕೆ 26 ಪಾಲು ಶಾಖ ಕೆಲಸವಾಗಿ ಹೊರಬಂತು. ಉಗಿಯಂತ್ರದ ಎದುರು ಇದು ಎಂಥ ಜಿಗಿತವೆಂದು ನೀವೇ ಲೆಕ್ಕ ಹಾಕಿ.

ಹೆಸರು ಮೊದಲು ಅಂಟಿಕೊಂಡದ್ದು ಎಂಜಿನ್ನಿಗೆ. ಆಮೇಲೆ ಅದರೊಳಗೆ ಸುರಿಯುವ ಎಣ್ಣೆಗೂ ಇಳಿಯಿತು. ಈಗ ‘ಡೀಸೆಲ್ ತುಂಬಿಸು’ ಎಂದರೆ ಯಾರಿಗೂ ಯಂತ್ರ ನೆನಪಾಗುವುದಿಲ್ಲ, ಯಂತ್ರ ಕಟ್ಟಿದವನಂತೂ ದೂರವೇ ಉಳಿದ. ನನಗೆ ಖೇದವಾಗುವುದು ಇನ್ನೊಂದು ಕಾರಣಕ್ಕೆ. ಕಲ್ಲೆಣ್ಣೆಯಿಂದ ಬಟ್ಟಿ ಇಳಿಸಿದ ಒಂದು ದ್ರವಕ್ಕೆ ಹೆಸರು ಕಟ್ಟುಬಿತ್ತು. ಆತನಾದರೋ ಹಲವು ಉರುವಲುಗಳ ಬೆನ್ನುಹತ್ತಿದವನು. ಕಲ್ಲಿದ್ದಲ ಪುಡಿಯನ್ನೂ ಯೋಚಿಸಿದ್ದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು, ಅದೂ ನೋಡುವವರಿಗೆ ವ್ಯತ್ಯಾಸವೇ ತಿಳಿಯದಷ್ಟು ಸಲೀಸಾಗಿ.

1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ‘ಡ್ರೆಸ್ಡನ್’ ಹಡಗಿನಿಂದ ಆತ ಕಾಣೆಯಾದ. ಕೆಲವು ದಿನಗಳ ಮೇಲೆ ಶವ ಸಮುದ್ರದಲ್ಲಿ ಸಿಕ್ಕಿತು. ಸಾವು ಹೇಗೆ ಬಂತೆಂಬುದು ಇಂದಿಗೂ ಬಗೆಹರಿದಿಲ್ಲ. ಆತ ಹೋದ ಮೇಲೂ ಎಂಜಿನ್ ಬೆಳೆಯುತ್ತಲೇ ಇತ್ತು. ಆತನ ಕಾಲದ ಡೀಸೆಲ್ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಊದಿ ಒಳನೂಕಲು ಭಾರದ ಕಂಪ್ರೆಸರ್ ಬೇಕಿತ್ತು. ಹಡಗಿಗೆ, ಕಾರ್ಖಾನೆಗೆ ಅದು ಸರಿ. 1920ರ ದಶಕದಲ್ಲಿ ಎಣ್ಣೆಯನ್ನು ನೇರ ಒತ್ತುವ ಪಂಪುಗಳು ಬಂದ ಮೇಲೆ ಲಾರಿಗಳಲ್ಲಿ ಡೀಸೆಲ್ ನೆಲೆಯೂರಿತು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರೂ ಬಂತು.

ನಮ್ಮ ಕಡೆ ಈ ಪದ ಹೊಂಗೆಮರದವರೆಗೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಆ ಎಣ್ಣೆ ಮಂದ. ಮೆಥನಾಲ್ ಬೆರೆಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾಗಿ ನಾಜಲ್ಲಿನಲ್ಲಿ ಸರಾಗವಾಗಿ ಹರಿಯುತ್ತದೆ. ಅದಕ್ಕೆ ಜೈವಿಕ ಡೀಸೆಲ್ ಎನ್ನುತ್ತಾರೆ, ಅಸಲಿಗೆ ಬದಲಿ ಎಂಬ ಧಾಟಿಯಲ್ಲಿ. ಕಡಲೆಕಾಯಿ ಎಣ್ಣೆಯ ಆ ಎಂಜಿನ್ ಗೊತ್ತಿರುವವರು ಹಾಗೆನ್ನಲಾರರು.